ಬೆನೆ ಇಸ್ರೇಲರ ಸಾಮೂಹಿಕ ಆರಾಧನೆ

ಬೆನೆ ಇಸ್ರೇಲರು ಭಾರತದ ಯಹೂದಿ ಸಮುದಾಯಗಳಲ್ಲಿ ಅತ್ಯಂತ ದೊಡ್ಡ ಸಮುದಾಯದವರು. ಕೊಂಕಣದ ನವಗಾಂವ್ ಬಳಿ ಪೂರ್ವಜರ ಹಡಗು ಒಡೆಯಿತೆಂದೂ, ಬದುಕುಳಿದ ಏಳು ದಂಪತಿಗಳಿಂದ ತಮ್ಮ ವಂಶ ಬೆಳೆಯಿತೆಂದೂ ಅವರು ನಂಬುತ್ತಾರೆ. ಇವರ ಮನೆಮಾತು ಮರಾಠಿ. ದಿವೇಕರ, ಕೆಹಿಮಕರ ಮುಂತಾಗಿ ಊರಿನ ಹೆಸರಿಗೆ ‘ಕರ’ ಸೇರಿಸಿದ ಇವರ ಅಡ್ಡಹೆಸರುಗಳು ಗೋಕಾಕ, ಹುಕ್ಕೇರಿ ಸೀಮೆಯ ಓದುಗರಿಗೆ ಅಪರಿಚಿತವೆನಿಸಲಾರವು.

ಪ್ರಾರ್ಥನಾ ಮಂದಿರವಿಲ್ಲದ ಕಾಲ

ಬಹುಕಾಲ ಇವರಿಗೆ ಮಂದಿರವಾಗಲಿ, ಹೀಬ್ರೂ ಗ್ರಂಥವಾಗಲಿ ಇರಲಿಲ್ಲ. ಉಳಿದಿದ್ದುದು ಆಚರಣೆ ಮಾತ್ರ. ಗಾಣದಿಂದ ಎಣ್ಣೆ ತೆಗೆಯುವುದು ಇವರ ಕಸುಬು; ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ನೆರೆಯವರು ಇವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಿಸುತ್ತಿದ್ದರು. ದೇವರು ಒಬ್ಬನೇ ಎಂದು ಸಾರುವ ‘ಶೆಮಾ’ ಪ್ರಾರ್ಥನೆಯೊಂದನ್ನೇ ಎಲ್ಲ ಸಂದರ್ಭಗಳಲ್ಲೂ ಹೇಳುತ್ತಿದ್ದರು. ಹರಕೆ ತೀರಿಸುವಾಗ ಮತ್ತು ಶುಭಕಾರ್ಯಗಳಲ್ಲಿ ನಡೆಯುವ ‘ಮಲಿದಾ’ ಇವರದೇ ವಿಶಿಷ್ಟ ವಿಧಿ. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಹಣ್ಣುಗಳನ್ನು ತಟ್ಟೆಯಲ್ಲಿರಿಸಿ ಪ್ರವಾದಿ ಎಲಿಯನನ್ನು ಸ್ಮರಿಸಲಾಗುತ್ತದೆ. ಯುರೋಪಿನ ಯಹೂದಿಗಳಲ್ಲಿ ಈ ವಿಧಿ ಇಲ್ಲ.

ಮೈಸೂರಿನ ಸೆರೆ ಮತ್ತು ಮೊದಲ ಸಿನಗಾಗ್

ಈ ಸಮುದಾಯದ ಮೊದಲ ಸಿನಗಾಗ್ ಹುಟ್ಟಿದ ಕಥೆ ಕರ್ನಾಟಕಕ್ಕೂ ಸಂಬಂಧಿಸಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ ಆಂಗ್ಲೋ-ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನು. ಜೀವಂತವಾಗಿ ಮರಳಿದರೆ ದೇವರಿಗೊಂದು ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತನೆಂದು ಪರಂಪರೆ ಹೇಳುತ್ತದೆ. ಸೆರೆಯಾಳು ಬೆನೆ ಇಸ್ರೇಲನೆಂದು ತಿಳಿದ ಟಿಪ್ಪುವಿನ ತಾಯಿ ಅವನ ಪ್ರಾಣ ಉಳಿಸಿದಳೆಂಬುದೂ ಆ ಕಥೆಯ ಭಾಗ. ಇದನ್ನು ಇತಿಹಾಸಕ್ಕಿಂತ ಐತಿಹ್ಯವೆನ್ನುವುದೇ ಸರಿ. ಆದರೆ ಬಿಡುಗಡೆಯಾದ ಸ್ಯಾಮುಯೆಲ್ 1796ರಲ್ಲಿ ಮುಂಬಯಿಯಲ್ಲಿ ‘ಶಾರ್ ಹರಹಮೀಮ್’ (ದಯೆಯ ದ್ವಾರ) ಕಟ್ಟಿಸಿದ್ದು ನಿಜ. ಬಳಿಕ ಕೊಚ್ಚಿಯಿಂದ ಬಂದ ಯಹೂದಿ ಶಿಕ್ಷಕರು ಹೀಬ್ರೂ ಪ್ರಾರ್ಥನಾಕ್ರಮವನ್ನು ಕಲಿಸಿದರು. ಅಲಿಬಾಗ್, ಪನವೇಲ್ ಮೊದಲಾದೆಡೆ ಮಂದಿರಗಳು ತಲೆಯೆತ್ತಿದವು. ಪುಣೆಯ ‘ಲಾಲ್ ದೇವಳ’ ಮಾತ್ರ ಬಗ್ದಾದಿ ಯಹೂದಿ ಡೇವಿಡ್ ಸಸೂನ್ ಕಟ್ಟಿಸಿದ್ದು.

ಹತ್ತು ಮಂದಿಯ ನಿಯಮ

ಸಾಂಪ್ರದಾಯಿಕ ನಿಯಮದಂತೆ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ವರ್ಷ ತುಂಬಿದ ಹತ್ತು ಗಂಡಸರು ಸೇರಬೇಕು. ಈ ಕೂಟಕ್ಕೆ ‘ಮಿನ್ಯಾನ್’ ಎಂದು ಹೆಸರು. ಅದು ಕೂಡದಿದ್ದರೆ ತೋರಾ ಸುರುಳಿಯನ್ನು ವಿಧಿವತ್ತಾಗಿ ಓದುವಂತಿಲ್ಲ. ಮೃತರಿಗಾಗಿ ಹೇಳುವ ‘ಕದ್ದಿಶ್’ ಕೂಡ ನಡೆಯುವುದಿಲ್ಲ. ಕಟ್ಟಡವಿಲ್ಲದೆ ಆರಾಧನೆ ನಡೆದೀತು, ಜನರಿಲ್ಲದೆ ನಡೆಯದು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಸಮುದಾಯದ ಬಹುಪಾಲು ಅಲ್ಲಿಗೆ ವಲಸೆ ಹೋಯಿತು. ಅಲ್ಲಿಯೂ ಇವರ ಯಹೂದಿತನವನ್ನು ಕೆಲವು ಧರ್ಮಾಧಿಕಾರಿಗಳು ಪ್ರಶ್ನಿಸಿದರು. ದೀರ್ಘ ಪ್ರತಿಭಟನೆಯ ನಂತರ 1964ರಲ್ಲಿ ಪೂರ್ಣ ಮಾನ್ಯತೆ ದೊರೆಯಿತು. ಇತ್ತ ಕೊಂಕಣದ ಹಳ್ಳಿಗಳ ಮಂದಿರಗಳಲ್ಲಿ ಹತ್ತು ಮಂದಿ ಕೂಡುವುದೇ ಕಷ್ಟವಾಯಿತು. ಇಂದು ಹೆಚ್ಚಿನ ಕುಟುಂಬಗಳು ಮುಂಬಯಿ ಮತ್ತು ಠಾಣೆ ಪರಿಸರದಲ್ಲಿದ್ದು, 1879ರಲ್ಲಿ ಸ್ಥಾಪನೆಯಾದ ಠಾಣೆಯ ‘ಶಾರ್ ಹಶಾಮಾಯಿಮ್’ ಅವರ ಪ್ರಮುಖ ಆರಾಧನಾ ಕೇಂದ್ರಗಳಲ್ಲಿ ಒಂದಾಗಿದೆ.