ಶಾಲೆಗೆ ಅಂಕ ಕೊಡುವವರು ಯಾರು?

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆಯನ್ನು ಬಿಡಿಸುವ ಗೃಹಸ್ಥನ ಕಣ್ಣು ಮೊದಲು ಹೋಗುವುದು ಜಿಲ್ಲೆಗಳ ಪಟ್ಟಿಯ ಕಡೆಗೆ. ತನ್ನ ಜಿಲ್ಲೆ ಮೇಲಿದ್ದರೆ ಒಂದಿಷ್ಟು ಹೆಮ್ಮೆ, ಕೆಳಗಿದ್ದರೆ ಒಂದು ನಿಟ್ಟುಸಿರು, “ಮೇಷ್ಟ್ರುಗಳು ಏನು ಮಾಡುತ್ತಿದ್ದರೋ!” ಎಂಬ ಉದ್ಗಾರ. ಅಲ್ಲಿಗೆ ವಿಚಾರಣೆ ಮುಗಿದು ತೀರ್ಪೂ ಆಗಿಹೋಗುತ್ತದೆ.

2025ರ ಮೊದಲ ಪರೀಕ್ಷೆಯಲ್ಲಿ ಪಟ್ಟಿಯ ತುದಿಯಲ್ಲಿದ್ದುದು ದಕ್ಷಿಣ ಕನ್ನಡ; ಅಲ್ಲಿ ತೇರ್ಗಡೆಯಾದವರು ಶೇಕಡಾ 91.12. ಬುಡದಲ್ಲಿದ್ದುದು ಕಲಬುರಗಿ, ಅಲ್ಲಿ ಶೇಕಡಾ 42.43. ಎಂದರೆ, ಪರೀಕ್ಷೆಗೆ ಕುಳಿತ ನೂರು ಮಕ್ಕಳಲ್ಲಿ ಐವತ್ತೇಳು ಮಂದಿ ಬರಿಗೈಯಲ್ಲಿ ಮನೆಗೆ ಮರಳಿದರು. ಎರಡನೆಯ, ಮೂರನೆಯ ಪರೀಕ್ಷೆಗಳ ಅವಕಾಶ ಆ ವರ್ಷ ಇತ್ತು, ನಿಜ. ಆದರೆ ಮೊದಲನೆಯ ಪೆಟ್ಟಿಗೇ ಪುಸ್ತಕ ಕಟ್ಟಿಟ್ಟು ಕೂಲಿಗೆ ಹೊರಡುವ ಹುಡುಗರಿಗೂ, ಮದುವೆಯ ಮಾತು ಕೇಳಬೇಕಾದ ಹುಡುಗಿಯರಿಗೂ ಆ ಅವಕಾಶ ದೂರದ ಬೆಟ್ಟವೇ ಸರಿ.

ಆ ಜಿಲ್ಲೆಯ ಒಂದು ತಾಲ್ಲೂಕು ಜೇವರ್ಗಿ. ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟು ಭೀಮಾ ನದಿಯನ್ನು ದಾಟಿದರೆ ಸಿಗುವ ಊರು. ಸುತ್ತಲೂ ಎರೆನೆಲ, ತೊಗರಿ, ಹತ್ತಿ, ಜೋಳದ ಹೊಲಗಳು. 1948ರವರೆಗೆ ನಿಜಾಮನ ಆಳ್ವಿಕೆ, 1956ರಲ್ಲಿ ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನ. ಮನೆಯ ಮಾತು ಕನ್ನಡ, ದರ್ಬಾರಿನ ಭಾಷೆ ಉರ್ದು ಎಂಬ ಸ್ಥಿತಿಯಲ್ಲಿ ಈ ಸೀಮೆಯ ಎಷ್ಟೋ ತಲೆಮಾರುಗಳು ಅಕ್ಷರದಿಂದ ದೂರವೇ ಉಳಿದವು. 2002ರಲ್ಲಿ ವರದಿಯೊಪ್ಪಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲ್ಲೂಕುಗಳಲ್ಲಿ ಜೇವರ್ಗಿಯೂ ಸೇರಿತ್ತು. ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ದಿನಗಳಲ್ಲಿ ಮಕ್ಕಳ ಕೈಗೂ ಕೆಲಸ ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೊರಟರೆ ಹಾಜರಿ ಪುಸ್ತಕದಲ್ಲಿ ಉಳಿಯುವುದು ಹೆಸರು ಮಾತ್ರ.

ಇಂಥ ಪ್ರದೇಶಗಳಿಗೆಂದೇ ಕೇಂದ್ರ ಸರ್ಕಾರವು 2008ರಲ್ಲಿ ಒಂದು ಯೋಜನೆಯನ್ನು ಹೂಡಿತು. ಗ್ರಾಮೀಣ ಸ್ತ್ರೀಯರ ಸಾಕ್ಷರತೆ ರಾಷ್ಟ್ರದ ಸರಾಸರಿಗಿಂತ ಕಡಿಮೆಯಿದ್ದು, ಗಂಡು ಹೆಣ್ಣುಗಳ ಸಾಕ್ಷರತೆಯ ಅಂತರ ಸರಾಸರಿಗಿಂತ ಹೆಚ್ಚಾಗಿರುವ ತಾಲ್ಲೂಕುಗಳಲ್ಲಿ ಒಂದೊಂದು ಮಾದರಿ ಶಾಲೆ ಎಂಬುದು ಅದರ ಸಂಕಲ್ಪ. ಕರ್ನಾಟಕದಲ್ಲಿ ಇವು ‘ಆದರ್ಶ ವಿದ್ಯಾಲಯ’ಗಳೆಂಬ ಹೆಸರಿನಿಂದ 74 ಕಡೆಗಳಲ್ಲಿ ತಲೆಯೆತ್ತಿದವು, ಜೇವರ್ಗಿಗೂ ಒಂದು ದೊರೆಯಿತು. ಮುಂದೆ ಕೇಂದ್ರವು ಕೈಬಿಟ್ಟಾಗ ರಾಜ್ಯ ಸರ್ಕಾರವೇ ಹೊಣೆ ಹೊತ್ತಿತು. ಆರರಿಂದ ಹತ್ತನೆಯ ತರಗತಿಯವರೆಗೆ ಆಂಗ್ಲ ಮಾಧ್ಯಮ. ಆರನೆಯ ತರಗತಿಯ 80 ಸ್ಥಾನಗಳಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ.

ಆದರ್ಶ ವಿದ್ಯಾಲಯದ ಫಲಿತಾಂಶ ಉತ್ತಮವಾಗಿ ಬಂದಾಗ “ನೋಡಿ, ಸರ್ಕಾರಿ ಶಾಲೆಯೂ ಹೀಗಿರಬಲ್ಲದು!” ಎನ್ನುವವರು ಒಂದು ಕಡೆ, “ಆರಿಸಿ ತಂದ ಬೀಜ, ಬೆಳೆ ಬಾರದೆ ಇದ್ದೀತೆ?” ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಐದನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ಮಗುವಿಗೆ ಇಂಗ್ಲಿಷಿನಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸುವುದು ಸಾಮಾನ್ಯ ಕೆಲಸವಲ್ಲ. ಹಾಗೆಯೇ, ಪ್ರವೇಶ ಪರೀಕ್ಷೆಯ ಜರಡಿಯಿಂದ ಇಳಿದುಬಂದ ಮಕ್ಕಳನ್ನು ಬಾಗಿಲಿಗೆ ಬಂದವರನ್ನೆಲ್ಲ ಸೇರಿಸಿಕೊಳ್ಳುವ ಪಕ್ಕದ ಪ್ರೌಢಶಾಲೆಯ ಮಕ್ಕಳೊಡನೆ ತೂಗುವುದೂ ನ್ಯಾಯವಲ್ಲ. ಹಾಗಾದರೆ ಶಾಲೆಯ ನಿಜವಾದ ಯೋಗ್ಯತೆಯನ್ನು ಅಳೆಯುವುದು ಹೇಗೆ?

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಅಮೆರಿಕದ ಮಿನೆಸೋಟ ಸಂಸ್ಥಾನವು 1991ರಲ್ಲಿ ‘ಚಾರ್ಟರ್ ಶಾಲೆ’ಗಳ ಕಾನೂನನ್ನು ಮಾಡಿತು. ಹಣ ಸರ್ಕಾರದ್ದು, ಆಡಳಿತ ಶಾಲೆಯದು. ಒಪ್ಪಿಕೊಂಡ ಫಲವನ್ನು ತೋರಿಸದಿದ್ದರೆ ಪರವಾನಗಿಯೇ ರದ್ದಾಗಬಹುದು. ಆದುದರಿಂದ ಫಲವನ್ನು ಅಳೆಯುವುದು ಅಲ್ಲಿ ಶಾಲೆಯ ಅಳಿವು ಉಳಿವಿನ ಪ್ರಶ್ನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಚಾರ್ಟರ್ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಅದೇ ವಯಸ್ಸಿನ, ಅಂಥದೇ ಮನೆತನದ, ಅಷ್ಟೇ ಹಿಂದಿನ ಅಂಕಗಳ ಸಾಮಾನ್ಯ ಶಾಲೆಯ ವಿದ್ಯಾರ್ಥಿಯನ್ನು ಜೋಡಿಯಾಗಿಟ್ಟು ಇಬ್ಬರ ಪ್ರಗತಿಯನ್ನು ಹೋಲಿಸಿದರು. 2009ರಲ್ಲಿ ಪ್ರಕಟವಾದ ಫಲ ಹಲವರನ್ನು ಬೆರಗುಗೊಳಿಸಿತು: ಗಣಿತದಲ್ಲಿ ಶೇಕಡಾ 17ರಷ್ಟು ಚಾರ್ಟರ್ ಶಾಲೆಗಳು ಮುಂದೆ, 37ರಷ್ಟು ಹಿಂದೆ, ಉಳಿದ 46ರಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. 2023ರಲ್ಲಿ ಅವರೇ ಮತ್ತೆ ಅಳೆದಾಗ ಚಾರ್ಟರ್ ಶಾಲೆಗಳು ಸರಾಸರಿಯಲ್ಲಿ ಸ್ವಲ್ಪ ಮುಂದೆ ಬಂದಿದ್ದವು. ಶಾಲೆಯ ಹೆಸರಿನ ಬಗೆ ಯಾವುದೆಂಬುದರಿಂದಲೇ ಗುಣ ನಿಶ್ಚಯವಾಗದು. ಮಗು ಎಲ್ಲಿ ಮುಟ್ಟಿತು ಎಂಬುದರೊಡನೆ ಎಲ್ಲಿಂದ ಹೊರಟಿತು ಎಂಬುದನ್ನೂ ಕೇಳಬೇಕು.

ಜೇವರ್ಗಿಯಲ್ಲಿ ಇದನ್ನು ಕೇಳಲು ದೊಡ್ಡ ವಿಶ್ವವಿದ್ಯಾಲಯವೇ ಬರಬೇಕಾಗಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಕಟ್ಟಕಡೆಯ ಸ್ಥಾನವನ್ನು ಪಡೆದವರೂ, ಒಂದೆರಡು ಅಂಕಗಳಲ್ಲಿ ಸ್ಥಾನ ತಪ್ಪಿಸಿಕೊಂಡವರೂ ಆ ದಿನ ಹೆಚ್ಚು ಕಡಿಮೆ ಸರಿಸಮಾನರೇ. ಐದು ವರ್ಷಗಳ ಬಳಿಕ ಈ ಎರಡು ಗುಂಪುಗಳು ಎಲ್ಲಿವೆ? ಒಬ್ಬಿಬ್ಬರಿಂದ ಏನೂ ಸಿದ್ಧವಾಗದು. ಹಲವು ವರ್ಷಗಳ ಮಕ್ಕಳನ್ನು ಒಟ್ಟುಮಾಡಿ ನೋಡಬೇಕು. ಒಳಗೆ ಬಂದವರು ಹೊರಗುಳಿದವರಿಗಿಂತ ಬಹಳ ಮುಂದೆ ಹೋಗಿದ್ದರೆ ಅದು ಶಾಲೆಯ ಪುಣ್ಯ. ಇಬ್ಬರೂ ಜೊತೆಯಲ್ಲಿಯೇ ಇದ್ದರೆ ಕೀರ್ತಿಯು ಜರಡಿಗೆ ಸಲ್ಲಬೇಕು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು: ನಡುದಾರಿಯಲ್ಲಿ ಕಳೆದುಹೋದವರೆಷ್ಟು? ಒಂದು ಸರಳ ಲೆಕ್ಕವನ್ನು ಊಹಿಸೋಣ. ಒಂದು ಶಾಲೆಯ ಎಂಟನೆಯ ತರಗತಿಗೆ 100 ಮಕ್ಕಳು ಸೇರಿದರು, ಎಸ್.ಎಸ್.ಎಲ್.ಸಿ.ಗೆ ಕುಳಿತವರು 70, ತೇರ್ಗಡೆಯಾದವರು 42. ಫಲಕದ ಮೇಲೆ ಬರೆಯುವುದು ಶೇಕಡಾ 60. ಇನ್ನೊಂದು ಶಾಲೆಗೂ 100 ಮಕ್ಕಳು ಸೇರಿದರು. 96 ಮಂದಿ ಕುಳಿತರು. 48 ಮಂದಿ ತೇರ್ಗಡೆಯಾದರು. ಫಲಕದ ಮೇಲೆ ಶೇಕಡಾ 50. ಊರು ಹೊಗಳುವುದು ಮೊದಲನೆಯ ಶಾಲೆಯನ್ನು. ಆದರೆ ಸೇರಿದ ನೂರರಲ್ಲಿ ಹೆಚ್ಚು ಮಕ್ಕಳನ್ನು ದಡ ಮುಟ್ಟಿಸಿದ್ದು ಎರಡನೆಯದು. ಬೇರೆ ಊರಿಗೆ ವರ್ಗಾವಣೆ ಪತ್ರ ಪಡೆದು ಹೋದವರನ್ನು ಕಳೆದೇ ಎಣಿಸೋಣ. ಗುಳೆ ಹೋಗಿ ಮರಳದವರನ್ನೂ, ‘ಇವನು ಪಾಸಾಗುವುದಿಲ್ಲ’ವೆಂದು ಮೆಲ್ಲನೆ ಹೊರಗುಳಿಸಲ್ಪಟ್ಟವರನ್ನೂ ಲೆಕ್ಕದಿಂದ ಬಿಡುವುದು ಸಲ್ಲದು. ಶೇಕಡಾವಾರು ಫಲಿತಾಂಶವನ್ನೊಂದೇ ಹೊಗಳಿದರೆ ಬಲಹೀನ ಮಗುವನ್ನು ಕೈಬಿಡುವ ಶಾಲೆಗೆ ನಾವೇ ಬಹುಮಾನ ಕೊಟ್ಟಂತಾಗುತ್ತದೆ.

ಮೂರನೆಯದು, ಅಳತೆಗೋಲಿನ ಪರೀಕ್ಷೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ದೂರದಿಂದ ಕಾವಲು ಕಾಯುವ ಏರ್ಪಾಡಾಯಿತು. ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚಿನ ಕೃಪಾಂಕ ಇರಲಿಲ್ಲ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಂದಿತೇ, ಉಪಾಧ್ಯಾಯರು ಕಲಿಸುವುದನ್ನು ಮರೆತರೇ? ಹಾಗಲ್ಲ, ಗೋಲು ಬದಲಾಯಿತು. ಆದುದರಿಂದ ಒಂದು ವರ್ಷದ ಅಂಕಿಯನ್ನು ಹಿಂದಿನ ವರ್ಷದ ಅಂಕಿಯೊಡನೆ ಇಟ್ಟು ‘ಕುಸಿಯಿತು’, ‘ಏರಿತು’ ಎನ್ನುವ ಮೊದಲು ಪರೀಕ್ಷೆಯ ನಿಯಮವನ್ನು ಓದಬೇಕು. ಇಷ್ಟಲ್ಲದೆ, 2025ರಲ್ಲಿ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಯ 25, ಉಳಿದ ಐದು ವಿಷಯಗಳ ತಲಾ 20 ಅಂಕಗಳು ಶಾಲೆಯೇ ಕೊಡುವ ಆಂತರಿಕ ಅಂಕಗಳಾಗಿದ್ದವು. ಶಾಲೆಯನ್ನು ಅಳೆಯುವಾಗ ಶಾಲೆ ತಾನೇ ಕೊಟ್ಟ ಅಂಕಗಳನ್ನು ಬದಿಗಿಟ್ಟು, ಲಿಖಿತ ಪರೀಕ್ಷೆಯ ಅಂಕಗಳನ್ನು ಪ್ರತ್ಯೇಕವಾಗಿ ನೋಡುವುದು ಜಾಣತನ.

ಈ ಮಾತುಗಳು ಕಲಬುರಗಿಯ ಕೊನೆಯ ಸ್ಥಾನಕ್ಕೆ ನೆಪ ಹೇಳಲು ಹೊರಟವಲ್ಲ. ಎಲ್ಲ ಜಿಲ್ಲೆಗಳ ಗೋಲೂ ಒಂದೇ ಆಗಿದ್ದ ವರ್ಷದಲ್ಲಿಯೇ ಅದು ಬುಡದಲ್ಲಿತ್ತು. ನೋವು ನಿಜವಾದುದು, ಹೊಣೆಯೂ ನಿಜವಾದುದು. ಆದರೆ ರೋಗ ಎಲ್ಲಿದೆಯೆಂದು ತಿಳಿಯದೆ ಬೈಗುಳದ ಔಷಧಿ ಕೊಟ್ಟರೆ ಗುಣವಾಗುವುದಿಲ್ಲ. ಒಂದು ಶಾಲೆಯಲ್ಲಿ ಗಣಿತದ ಉಪಾಧ್ಯಾಯರೇ ಇಲ್ಲದಿರಬಹುದು, ಇನ್ನೊಂದರಲ್ಲಿ ಎಂಟನೆಯ ತರಗತಿಗೆ ಬಂದ ಮಗುವಿಗೆ ಭಾಗಾಕಾರವೇ ಬಾರದಿರಬಹುದು, ಮತ್ತೊಂದರಲ್ಲಿ ಸುಗ್ಗಿಯ ಕಾಲದಲ್ಲಿ ತರಗತಿಯೇ ಬರಿದಾಗಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಪಟ್ಟಣದಲ್ಲಿ ಕುಳಿತು ಈ ಲೇಖನವನ್ನು ಓದುತ್ತಿರುವ ತಾಯ್ತಂದೆಗಳಿಗೂ ಇದರಿಂದ ಒಂದು ಪ್ರಯೋಜನವುಂಟು. ಮಗುವನ್ನು ಸೇರಿಸಲು ಹೋದಾಗ ಗೋಡೆಯ ಮೇಲಿನ ‘ಶೇಕಡಾ ನೂರು’ ಎಂಬ ಫಲಕವನ್ನು ಕಂಡು ಮರುಳಾಗದೆ ಮುಖ್ಯೋಪಾಧ್ಯಾಯರನ್ನು ವಿನಯದಿಂದ ಮೂರು ಮಾತು ಕೇಳಿ: ಸೇರಿಸಿಕೊಳ್ಳುವಾಗ ಎಂಥ ಮಕ್ಕಳನ್ನು ಆರಿಸುತ್ತೀರಿ? ಸೇರಿದವರಲ್ಲಿ ಹತ್ತನೆಯ ತರಗತಿಯವರೆಗೆ ಉಳಿದವರೆಷ್ಟು? ಲಿಖಿತ ಪರೀಕ್ಷೆಯಲ್ಲಿ ಬಂದ ಅಂಕಗಳೆಷ್ಟು? ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹಳ್ಳಿಯ ಪಾಲಕರೂ ಇವನ್ನೇ ಕೇಳಬಹುದು. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಅಂಕಪಟ್ಟಿಗಳಲ್ಲಿ ಉತ್ತರ ಸಿದ್ಧವಾಗಿಯೇ ಇದೆ.

ಅಪ್ಪ ಅವ್ವ ಇಬ್ಬರೂ ಹೆಬ್ಬೆಟ್ಟು ಒತ್ತುವ ಮನೆಯಿಂದ ಬಂದ ಜೇವರ್ಗಿ ತಾಲ್ಲೂಕಿನ ಹುಡುಗಿಯೊಬ್ಬಳು ಶೇಕಡಾ ಐವತ್ತು ಅಂಕ ಪಡೆದರೆ ಆ ಶಾಲೆ ಮಾಡಿದ ಕೆಲಸ ಎಷ್ಟು ದೊಡ್ಡದೆಂಬುದನ್ನು ಜಿಲ್ಲೆಗಳ ಪಟ್ಟಿ ಹೇಳಲಾರದು. ಹೇಳಬೇಕಾದವರು ಲೆಕ್ಕವನ್ನು ಸರಿಯಾಗಿ ಕೇಳಬಲ್ಲ ನಾವು.