ಹಳೆಯ ಕೋವಿಯ ಪ್ರತಿನಿರ್ಮಾಣ

ಗ್ರಂಥವೊಂದನ್ನು ಓದಿದವನಿಗಿಂತ ಅದನ್ನು ಅಕ್ಷರಾಕ್ಷರವಾಗಿ ಪ್ರತಿಮಾಡಿದವನಿಗೆ ಅದರ ತೊಡಕುಗಳು ಹೆಚ್ಚು ಗೋಚರವಾಗುವುವು. ಪ್ರಾಚೀನ ಆಯುಧಗಳಿಗೂ ಈ ಮಾತು ಸಲ್ಲುವುದು. ವಸ್ತುಸಂಗ್ರಹಾಲಯದಲ್ಲಿರುವ ಕೋವಿಯನ್ನು ಅಳೆಯಬಹುದು, ಚಿತ್ರಿಸಬಹುದು. ಆದರೆ ಅದನ್ನು ಮಾಡಿದ ಕೈಗಳ ತಿಳಿವಳಿಕೆಯು ಇನ್ನೊಮ್ಮೆ ಮಾಡಿ ನೋಡಿದ ಹೊರತು ದೊರೆಯದು.

ಅಮೆರಿಕದ ವರ್ಜೀನಿಯಾದಲ್ಲಿರುವ ವಿಲಿಯಮ್ಸ್‌ಬರ್ಗ್ ಪಟ್ಟಣದಲ್ಲಿ 18ನೆಯ ಶತಮಾನದ ಕಸುಬುಗಳನ್ನು ಆ ಕಾಲದ ಉಪಕರಣಗಳಿಂದಲೇ ನಡೆಯಿಸುವ ಏರ್ಪಾಡುಂಟು. ಅಲ್ಲಿಯ ಕೋವಿಗಾರ ವಾಲೆಸ್ ಗಸ್ಲರ್ ಅವರು ಚಕಮಕಿ ಕೋವಿಯೊಂದನ್ನು ಕೈಗೆಲಸದಿಂದಲೇ ನಿರ್ಮಿಸಿದ ಕ್ರಮವನ್ನು 1969ರ ‘ಗನ್‌ಸ್ಮಿತ್ ಆಫ್ ವಿಲಿಯಮ್ಸ್‌ಬರ್ಗ್’ ಎಂಬ ಚಲನಚಿತ್ರವು ತೋರಿಸುವುದು.

ಮೊದಲನೆಯದು ನಳಿಗೆಯ ಕೆಲಸ. ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಸುತ್ತ ಮಡಿಸಿ, ಕುಲುಮೆಯಲ್ಲಿ ಕಾಯಿಸಿ, ಅಂಚಿಗೆ ಅಂಚು ಕೂಡುವಂತೆ ಸ್ವಲ್ಪಸ್ವಲ್ಪವಾಗಿ ಬಡಿಯಬೇಕು. ಬೆಸುಗೆಯಲ್ಲಿ ಕಿಟ್ಟ ಉಳಿದರೆ ನಳಿಗೆಯೇ ಬಿರಿಯಬಹುದು. ಬಳಿಕ ಒಳಗನ್ನು ಕೊರೆದು, ಅದು ನೆಟ್ಟಗಿರುವುದನ್ನು ಕಣ್ಣಿನಿಂದ ಪರೀಕ್ಷಿಸುವರು. ಕನ್ನಡದ ‘ಕೋವಿ’ ಎಂಬ ಮಾತಿಗೆ ಕೊಳವೆಯೆಂಬ ಅರ್ಥವೂ ಉಂಟೆಂಬುದನ್ನು ಇಲ್ಲಿ ನೆನೆಯಬಹುದು. ತುಪಾಕಿ, ಬಂದೂಕು ಎಂಬ ಹೆಸರುಗಳು ಹೊರಗಿನಿಂದ ಬಂದವು. ನಮ್ಮ ಮಾತಾದರೋ ಆಯುಧದ ಅತ್ಯಂತ ಕಷ್ಟಸಾಧ್ಯವಾದ ಅಂಗವನ್ನೇ ಹೆಸರಿಸಿರುವುದು.

ಎರಡನೆಯದು ಕಿಡಿ ಹಾರಿಸುವ ಯಂತ್ರ. ಚಕಮಕಿ ಕಲ್ಲು ಬಡಿಯುವ ಉಕ್ಕಿನ ಫಲಕವು ಗಡುಸಾಗಿರದಿದ್ದರೆ ಕಿಡಿಯೇಳದು. ಅದನ್ನು ನಡೆಯಿಸುವ ಸ್ಪ್ರಿಂಗಾದರೋ ಅತಿಗಡುಸಾದರೆ ಮುರಿಯುವುದು, ಮೆತ್ತಗಾದರೆ ಬಾಗಿ ನಿಲ್ಲುವುದು. ಈ ಹದವನ್ನು ಕಾದ ಉಕ್ಕಿನ ಬಣ್ಣದಿಂದ ಅರಿಯಬೇಕಲ್ಲದೆ ಬರಿಯ ಮಾತಿನಿಂದ ಕಲಿಸಲಾಗದು. ಕೊನೆಯದು ಮರದ ಕೆಲಸ. ಲೋಹದ ಭಾಗಕ್ಕೆ ಮಸಿ ಸವರಿ ಮರಕ್ಕೆ ಒತ್ತಿ, ಮಸಿ ಹತ್ತಿದೆಡೆಯನ್ನಷ್ಟೇ ಕೆತ್ತುತ್ತ ಹೋದರೆ ಎರಡೂ ಸಂದಿಲ್ಲದೆ ಕೂಡುವುವು.

ಇಂದು ಮನೆಯ ಕಾರ್ಯಾಗಾರಗಳಲ್ಲಿ ಇಂತಹ ಕೋವಿಗಳನ್ನು ಮಾಡುವ ಹವ್ಯಾಸಿಗಳಲ್ಲಿ ಅನೇಕರು ನಳಿಗೆಯನ್ನೂ ಕಿಡಿಯಂತ್ರವನ್ನೂ ಸಿದ್ಧವಸ್ತುಗಳಾಗಿ ಕೊಳ್ಳುವರು. ಹೀಗೆ ಮಾಡಿದುದು ರೂಪದಲ್ಲಿ ಹಳೆಯದನ್ನು ಹೋಲಬಹುದು. ಆದರೆ ಹಳೆಯ ಕಮ್ಮಾರನು ಎದುರಿಸಿದ ಪ್ರಶ್ನೆಗಳಿಗೆ ಅದರಿಂದ ಉತ್ತರ ಬಾರದು. ಆದಕಾರಣ ಪ್ರತಿಕೃತಿಯ ಬೆಲೆಯನ್ನು ಹೋಲಿಕೆಯಿಂದಲ್ಲ, ಮಾಡಿದ ಕ್ರಮದಿಂದ ನಿರ್ಣಯಿಸತಕ್ಕದ್ದು.

ಇನ್ನೊಂದು ಹೊಣೆಯೂ ಇದೆ. ಪ್ರತಿಕೃತಿಯು ನೈಜವಾದಷ್ಟೂ ಮುಂದಿನವರು ಅದನ್ನು ಮೂಲವೆಂದು ಭ್ರಮಿಸುವ ಅಪಾಯ ಹೆಚ್ಚುವುದು. ಕೂಟಶಾಸನಗಳು ಇತಿಹಾಸಕಾರರನ್ನು ಎಷ್ಟು ದಾರಿತಪ್ಪಿಸಿವೆಯೆಂಬುದು ವಾಚಕರಿಗೆ ತಿಳಿದ ವಿಷಯವೇ. ನಮ್ಮ ಲಿಪಿಕಾರರು ಓಲೆಯ ಕೊನೆಯಲ್ಲಿ ತಮ್ಮ ಹೆಸರನ್ನೂ ಸಂವತ್ಸರವನ್ನೂ ಬರೆದಿಡುತ್ತಿದ್ದಂತೆ, ಕೋವಿಯನ್ನು ಪ್ರತಿಮಾಡುವವನು ತನ್ನ ಹೆಸರನ್ನೂ ವರ್ಷವನ್ನೂ ಲೋಹದಲ್ಲಿ ಅಳಿಯದಂತೆ ಕೆತ್ತಬೇಕು. ಹಾಗೆ ಕೆತ್ತಿದುದು ವಿದ್ಯೆಯ ಸಾಧನವಾಗುವುದು. ಕೆತ್ತದೆ ಬಿಟ್ಟದ್ದು ಸುಳ್ಳುಸಾಕ್ಷಿಯಾದೀತು.