ಗಾಜಿನ ಮನೆಗೆ ಗಾಜು ಕೂರಿಸಿದ ಪಾಠ

ಬೈಲಹೊಂಗಲದ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಗೆ ಹೋದಾಗ ಉಷ್ಣ ವ್ಯಾಕೋಚನದ ಪಾಠಕ್ಕೆ ನಾನು ಸಿದ್ಧಪಡಿಸಿದ ಬೋಧನೋಪಕರಣ ಒಂದು ಚಿಕ್ಕ ಗಾಜಿನ ಮನೆ. ಕಬ್ಬಿಣದ ಚೌಕಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಗಾಜು ಕೂರಿಸಿದ್ದು ನಾನೇ. ನಮ್ಮ ಕಡೆ ಹೊಲಗಳಲ್ಲಿ ಕಾಣುವುದು ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್. ಹಾಗಾಗಿ ಪೀಠಿಕೆಗೆ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯ ಚಿತ್ರ ತೋರಿಸಿದೆ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಆ ಕಟ್ಟಡಕ್ಕೆ ಲಂಡನ್ನಿನ 1851ರ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಪೀಠಿಕೆ ಚೆನ್ನಾಗಿಯೇ ಆಯಿತು.

ಪಾಠದ ಹಿಂದಿನ ದಿನ ಬಿಸಿಲಿನಲ್ಲಿಟ್ಟಿದ್ದ ಮಾದರಿಯ ಒಂದು ಗಾಜು ಸೀಳಿತ್ತು. ಒಳ್ಳೆಯದೇ ಆಯಿತೆಂದು ಅದನ್ನೇ ಉದಾಹರಣೆ ಮಾಡಿಕೊಂಡು, "ಬಿಸಿಲಿಗೆ ಗಾಜು ಹಿಗ್ಗಿತು, ಜಾಗ ಸಾಲದೆ ಒಡೆಯಿತು" ಎಂದೆ. ನಂತರ ಕಪ್ಪುಹಲಗೆಯ ಮೇಲೆ ಕೋಷ್ಟಕ ಬರೆದೆ. ಒಂದು ಮೀಟರ್ ಉದ್ದದ ವಸ್ತುವಿನ ತಾಪ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಜು ಸುಮಾರು 0.27 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ 0.36, ಅಲ್ಯುಮಿನಿಯಂ 0.69. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಕಬ್ಬಿಣನ ಹೆಚ್ಚು ಹಿಗ್ಗತೈತಿ ಅಂದ್ರ ಗಾಜಿಗೆ ಜಾಗಾ ಹೆಚ್ಚ ಆಗಬೇಕಲ್ರಿ? ಮತ್ತ ಯಾಕ ಒಡೀತ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. "ನಾಳೆ ನೋಡೋಣ" ಎಂದು ಮುಂದೆ ಹೋದೆ. ಉದಾಹರಣೆಗೂ ಕೋಷ್ಟಕಕ್ಕೂ ತಾಳೆಯಿಲ್ಲ ಎಂದು ಮೇಲ್ವಿಚಾರಕರೂ ಬರೆದರು.

ಸಂಜೆ ಸೀಳನ್ನು ಅದರ ಮೂಲದವರೆಗೆ ಹಿಂಬಾಲಿಸಿದೆ. ಮೂಲೆಯಲ್ಲಿ ವೆಲ್ಡಿಂಗಿನ ಗಂಟೊಂದು ಗಾಜಿನ ಅಂಚಿಗೆ ಒತ್ತಿಕೊಂಡಿತ್ತು. ಸೀಳು ಅಲ್ಲಿಂದಲೇ ಹೊರಟಿತ್ತು. ಬಿಸಿಲಿಗೆ ಗಾಜಿನ ನಡುಭಾಗ ಬೇಗ ಕಾಯುತ್ತದೆ, ಚೌಕಟ್ಟಿನ ಮರೆಯಲ್ಲಿರುವ ಅಂಚು ತಡವಾಗಿ ಕಾಯುತ್ತದೆ. ಹಿಗ್ಗುವ ನಡುಭಾಗ ಹಿಗ್ಗದ ಅಂಚನ್ನು ಎಳೆಯುತ್ತದೆ. ಗಾಜು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದರೂ ಸಾಕು. ಅಂದರೆ ಒಡೆದದ್ದು ಹಿಗ್ಗಿದ್ದರಿಂದಲ್ಲ, ಒಂದೇ ಸಮನೆ ಹಿಗ್ಗದೆ ಇದ್ದುದರಿಂದ. ಹುಡುಗಿಯ ಲೆಕ್ಕ ಸರಿಯಾಗಿತ್ತು.

ನನ್ನ ಪುಟ್ಟಿಯೂ ಕೆಟ್ಟಿತ್ತು. ತರಗತಿಯ ಸೀಮೆಸುಣ್ಣವನ್ನು ಪುಡಿಮಾಡಿ ಅಡುಗೆಮನೆಯ ಶೇಂಗಾ ಎಣ್ಣೆಯಲ್ಲಿ ಕಲಸಿದ್ದೆ. ವಾರವಾದರೂ ಅದು ಬೆರಳಿಗೆ ಮೆತ್ತುತ್ತಿತ್ತು. ಶೇಂಗಾ ಎಣ್ಣೆ ಒಣಗುವ ಎಣ್ಣೆಯಲ್ಲ. ಪುಟ್ಟಿಗೆ ಬೇಕಾದದ್ದು ನಾವು ಹಿಂಡಿ ಕುಟ್ಟುವ ಅಗಸಿಯ ಎಣ್ಣೆ. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಪುಡಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿರಬೇಕು. ಈಗಿನ ಸೀಮೆಸುಣ್ಣದ ಕಡ್ಡಿ ಬಹುಮಟ್ಟಿಗೆ ಜಿಪ್ಸಂ. ನಿಂಬೆರಸ ಹಾಕಿ ನೋಡಿ: ಕಾರ್ಬೋನೇಟ್ ನೊರೆಯೇಳುತ್ತದೆ, ಜಿಪ್ಸಂ ಸುಮ್ಮನಿರುತ್ತದೆ. ಈ ಪರೀಕ್ಷೆಗೆ ಎರಡೇ ನಿಮಿಷ ಸಾಕು, ಮಕ್ಕಳಿಗಂತೂ ಹಬ್ಬ. ಒಂದು ಎಚ್ಚರಿಕೆ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು, ತಾನೇ ಕಾದು ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹರವಿ ಒಣಗಿಸಬೇಕು.

ಮರುದಿನ ಮಕ್ಕಳ ಎದುರಿನಲ್ಲೇ ಹೊಸ ಗಾಜು ಕೂರಿಸಿದೆ. ಗಂಟನ್ನು ಮೊದಲೇ ಕಾನಸಿನಿಂದ ತಿಕ್ಕಿ, ತುಕ್ಕು ತೆಗೆದು, ಬಣ್ಣ ಬಳಿದಿದ್ದೆ. (ಚೌಕಟ್ಟು ಕಟ್ಟಿಗೆಯದಾದರೆ ಬಣ್ಣ ಇನ್ನೂ ಮುಖ್ಯ, ಒಣ ಕಟ್ಟಿಗೆ ಪುಟ್ಟಿಯ ಎಣ್ಣೆಯನ್ನು ಹೀರಿ ಅದನ್ನು ಬಿರುಕು ಬಿಡಿಸುತ್ತದೆ.) ಗಾಜನ್ನು ಚೌಕಟ್ಟಿನ ಅಳತೆಗಿಂತ ನಾಲ್ಕು ಮಿ.ಮೀ. ಕಡಿಮೆ ಕತ್ತರಿಸಿದ್ದೆ. ಸುತ್ತ ಉಳಿಯುವ ಎರಡು ಮಿ.ಮೀ. ಸಂದಿಗೆ ಬೆಂಕಿಕಡ್ಡಿಯೇ ಅಳತೆಗೋಲು. ತೋಡಿನಲ್ಲಿ ತೆಳ್ಳಗೆ ಪುಟ್ಟಿ ಹಾಸಿ, ಗಾಜನ್ನು ನಡುವೆ ಒತ್ತದೆ ಅಂಚುಗಳಲ್ಲಿ ಒತ್ತಿ ಕೂರಿಸಿದೆ. ಹೊರಗಿನ ಪುಟ್ಟಿಯನ್ನು ನೀರು ಜಾರುವಂತೆ ಓರೆಯಾಗಿ ಎಳೆದೆ. ಚಾವಣಿಯಲ್ಲಿ ಮೇಲಿನ ಗಾಜು ಕೆಳಗಿನದರ ಮೇಲೆ ಹಂಚಿನ ಹಾಗೆ ಅರ್ಧ ಇಂಚು ಹಾಯಬೇಕು. ಹೆಚ್ಚಾದರೆ ಸಂದಿಯಲ್ಲಿ ಪಾಚಿ ಕಟ್ಟುತ್ತದೆ.

ಈಗ ಎಲ್ಲರೂ ಬಳಸುವ ಸಿಲಿಕೋನ್ ಒಣಗಿದರೂ ಹಿಗ್ಗಿ ಕುಗ್ಗುತ್ತದೆ, ಲೋಹದ ಚೌಕಟ್ಟಿಗೆ ಅದೇ ಮೇಲು. ಆದರೆ ಹುಳಿ ವಾಸನೆ ಬರುವ ಬಗೆ ಬೇಡ. ಅದರ ಆಮ್ಲ ಲೋಹವನ್ನು ತಿನ್ನುತ್ತದೆ.

"ನಿನ್ನೆ ನಾನು ಹೇಳಿದ ಕಾರಣ ತಪ್ಪು" ಎಂದು ಹೇಳಿದ ಮೇಲೆಯೇ ಇದನ್ನೆಲ್ಲ ಮಾಡಿದೆ. ಹೇಳುವಾಗ ಗಂಟಲು ಒಣಗಿತ್ತು. ಆ ಹುಡುಗಿ ಬೆಂಕಿಕಡ್ಡಿ ಹಿಡಿದು ನಾಲ್ಕೂ ಕಡೆ ಸಂದಿ ಅಳೆದು, "ಇಲ್ಲಿ ಸ್ವಲ್ಪ ಬಿಗಿ ಐತ್ರಿ ಸರ್" ಎಂದು ಒಂದು ಕಡೆ ತೋರಿಸಿದಳು. ಗಾಜು ಎತ್ತಿ ಮತ್ತೆ ಕೂರಿಸಬೇಕಾಯಿತು. ಸೀಳಿದ ಗಾಜಿನ ಅಂಚಿಗೆ ಟೇಪ್ ಸುತ್ತಿ ವಿಜ್ಞಾನದ ಕಪಾಟಿನಲ್ಲಿಟ್ಟಿದ್ದೇನೆ. ಮುಂದಿನ ತಂಡದವರು ಬಳಸಬಹುದು.